ಗಲ್ಫ್‌ನವರ ಸ್ವಿಫ್ಟ್ ಸಿಕ್ಕಿದೆ, ತೆಗೆಯಲಾ ಬೇಡವಾ?

ನೀರ್ಚಾಲಿನವ

ನಮಸ್ಕಾರ ಎಲ್ಲರಿಗೂ. ಇಷ್ಟು ದಿನ ಇಲ್ಲಿ ಓದುತ್ತಾ ಇದ್ದವ, ಬರೆಯುವುದು ಇದೇ ಮೊದಲು. ನಮ್ಮ ಮನೆಗೆ ಮೊದಲ ಕಾರು ಬರಬೇಕು ಅಂತ ಆಗಿದೆ. ಇಷ್ಟು ವರ್ಷ ಅಪ್ಪನ ಸ್ಕೂಟರ್, ನನ್ನ ಬೈಕು, ಮಳೆ ಬಂದರೆ ಪೇಟೆಯಿಂದ ರಿಕ್ಷಾ. ಹೇಗೋ ನಡೆಯುತ್ತಿತ್ತು. ಈಗ ಅಜ್ಜಿಯನ್ನು ತಿಂಗಳಿಗೊಮ್ಮೆ ಮಂಗಳೂರು ಹತ್ತಿರದ ದೇರಳಕಟ್ಟೆಗೆ ಡಾಕ್ಟರ ಹತ್ತಿರ ಕರೆದುಕೊಂಡು ಹೋಗಬೇಕು. ಪ್ರತಿ ಸಲ ಬಾಡಿಗೆ ಕಾರು ಮಾಡಿ ಪೂರೈಸುವುದಿಲ್ಲ.

ಸೀತಾಂಗೋಳಿ ಹತ್ತಿರ ಗಲ್ಫ್‌ನಲ್ಲಿರುವ ಒಬ್ಬರ ಮಾರುತಿ ಸ್ವಿಫ್ಟ್ ಮಾರಾಟಕ್ಕಿದೆ. 2019ರದ್ದು, ಪೆಟ್ರೋಲ್, ಮೇಲಿನ ದರ್ಜೆಯ ಝಡ್‌ಎಕ್ಸ್‌ಐ, ಮ್ಯಾನುವಲ್ ಗೇರು, ಕೆಂಪು ಬಣ್ಣ. ಓಡಿದ್ದು ಬರೀ 28 ಸಾವಿರ ಕಿಲೋಮೀಟರ್. ಹೇಳಿದ ಕ್ರಯ ನಾಲ್ಕು ಮುಕ್ಕಾಲು ಲಕ್ಷ. ನಿನ್ನೆ ಸಂಜೆ ಹೋಗಿ ನೋಡಿದೆ. ಟಾರ್ಪಾಲು ಎಳೆದಾಗ ಕಂಡ ಆ ಕೆಂಪು, ಹಿಂದಿನ ಚಕ್ರದ ಮೇಲೆ ಉಬ್ಬಿದ ಆ ಸೊಂಟ... ಏನು ಹೇಳಲಿ. ರಾತ್ರಿ ನಿದ್ದೆ ಬರಲಿಲ್ಲ.

ಅಪ್ಪನಿಗೆ ಎತ್ತರದ ವ್ಯಾಗನ್‌ಆರ್ ಆಗಬೇಕಂತೆ. "ಮುಟ್ಟಾಳೆ ತೆಗೆಯದೆ ಕೂತುಕೊಳ್ಳಬಹುದು" ಎನ್ನುತ್ತಾರೆ. ಅಡಿಕೆ ಹಾಳೆಯ ಆ ಟೋಪಿ ಹಾಕಿಕೊಂಡು ಕಾರಿನಲ್ಲಿ ಎಲ್ಲಿಗೆ ಹೋಗುವುದು ಅಂತ ಕೇಳಿದರೆ ಉತ್ತರ ಇಲ್ಲ.

ಮನೆಯಲ್ಲಿ ಐದು ಜನ. ಡಾಮರು ಮಾರ್ಗದಿಂದ ಒಳಗೆ ಸುಮಾರು 400 ಮೀಟರ್ ಮಣ್ಣಿನ ದಾರಿ, ಕೊನೆಗೆ ಒಂದು ಚಡಾವು (ಏರು). ಸ್ವಿಫ್ಟ್ ಇಟ್ಟುಕೊಂಡವರು ಒಳ್ಳೆಯದು ಕೆಟ್ಟದು ಎರಡನ್ನೂ ಬಿಡಿಸಿ ಹೇಳಿ. ಸುಮ್ನೆ ಹೊಗಳಬೇಡಿ. ಆ ಕೆಲಸ ನಿನ್ನೆ ರಾತ್ರಿಯಿಡೀ ನಾನೇ ಮಾಡಿದ್ದೇನೆ.

ಬೇಕಲದ ಗಾಳಿ

ತೆಗಿ ಮಾರಾಯ, ಕೇಳುವುದೇನಿದೆ!

ನನ್ನದು 2018ರದ್ದು, ನೀನು ನೋಡಿದ ಅದೇ ಇಂಜಿನ್. 1.2 ಲೀಟರ್, ನಾಲ್ಕು ಸಿಲಿಂಡರ್, 83 ಪಿಎಸ್ ಶಕ್ತಿ. ಕೇಳಲಿಕ್ಕೆ ದೊಡ್ಡದೇನೂ ಅಲ್ಲ. ಆದರೆ ಪೆಟ್ರೋಲ್ ಗಾಡಿಯ ತೂಕ 900 ಕಿಲೋದ ಒಳಗೇ ಇದೆ. ಗುಟ್ಟು ಇರುವುದು ಅಲ್ಲಿ. ಚೆರ್ಕಳದಿಂದ ಜಾಲ್ಸೂರಿಗೆ ಹೋಗುವ ದಾರಿ ಗೊತ್ತಲ್ವಾ, ಬೋವಿಕ್ಕಾನ ದಾಟಿದರೆ ತಿರುವಿನ ಮೇಲೆ ತಿರುವು. ಬೆಳಿಗ್ಗೆ ಆರು ಗಂಟೆಗೆ ಒಬ್ಬನೇ ಹೋಗಿ ನೋಡು. ಸ್ಟೇರಿಂಗ್ ಸ್ವಲ್ಪ ತಿರುಗಿಸಿದರೆ ಸಾಕು, ಮೂತಿ ಅಲ್ಲೇ ಹೋಗುತ್ತದೆ. ಹಿಂಭಾಗ ಅದರ ಬೆನ್ನಿಗೇ ಬರುತ್ತದೆ, ಓಲಾಡುವುದಿಲ್ಲ. ಗೇರು ಬೆಣ್ಣೆ.

ಪೇಟೆಯಲ್ಲೂ ಸುಖ. ತಿರುಗುವ ತ್ರಿಜ್ಯ 4.8 ಮೀಟರ್. ಕಾಸರಗೋಡು ಹಳೇ ಬಸ್‌ಸ್ಟ್ಯಾಂಡಿನ ಹಿಂದಿನ ಓಣಿಯಲ್ಲಿ ದೊಡ್ಡ ಗಾಡಿಯವರು ಮೂರು ಸಲ ಹಿಂದೆ ಮುಂದೆ ಮಾಡುವಾಗ ನಾನು ಒಂದೇ ಏಟಿಗೆ ತಿರುಗಿಸಿ ಹೋಗಿರುತ್ತೇನೆ.

2005ರಲ್ಲಿ ಮೊದಲ ಸ್ವಿಫ್ಟ್ ಬಂದಾಗ ನಾನು ಏಳನೇ ಕ್ಲಾಸು. ಸಣ್ಣ ಕಾರೆಂದರೆ ಅಲ್ಲಿವರೆಗೆ 800, ಆಲ್ಟೊ, ಸ್ಯಾಂಟ್ರೊ. ಅದರ ಮಧ್ಯೆ ಇದು ಬಂತು. ಗಾಜಿನ ಪಕ್ಕದ ಕಂಬಗಳಿಗೆ ಕಪ್ಪು, ಗಾಜು ಮುಂದಿನಿಂದ ಪಕ್ಕಕ್ಕೆ ಸುತ್ತಿಕೊಂಡ ಹಾಗೆ, ಕಾರಿನ ಮಾಡು (ಛಾವಣಿ) ಬೇರೆಯೇ ತೇಲುತ್ತಿರುವ ಹಾಗೆ. ಅಣ್ಣನೂ ನಾನೂ ಅದನ್ನು ನೋಡುತ್ತಾ ನಿಂತು ಬಸ್ಸು ತಪ್ಪಿಸಿಕೊಂಡಿದ್ದೆವು. ವ್ಯಾಗನ್‌ಆರ್ ನೋಡಿ ಬಸ್ಸು ತಪ್ಪಿಸಿಕೊಂಡವರು ಯಾರಾದರೂ ಇದ್ದರೆ ಕೈ ಎತ್ತಿ.

ಮುಳ್ಳೇರಿಯದ ಮಾವ

ಬಸ್ಸು ತಪ್ಪಿಸಿಕೊಂಡವರಿಗೆ ಕಾರಿನ ಉಪದೇಶ ಕೊಡುವ ಯೋಗ್ಯತೆ ಬರುತ್ತದಾ ಅಂತ ನನಗೆ ಸಂಶಯ.

ತಮ್ಮಾ, ನನ್ನದು 2012ರ ಡೀಸೆಲ್. ಒಂದು ಲಕ್ಷ ತೊಂಬತ್ತು ಸಾವಿರ ಓಡಿದೆ. ಇಂಜಿನ್ ಫಿಯೆಟ್‌ನವರದ್ದು, 1.3 ಮಲ್ಟಿಜೆಟ್. ಇಂಡಿಕಾ ವಿಸ್ಟಾದಲ್ಲೂ ಪುಂಟೊದಲ್ಲೂ ಇದ್ದದ್ದು ಅದೇ. 75 ಪಿಎಸ್ ಶಕ್ತಿ, 190 ಎನ್‌ಎಂ ಎಳೆತ. ಗಟ್ಟಿ ಇಂಜಿನ್, ಅದರಲ್ಲಿ ಎರಡು ಮಾತಿಲ್ಲ. ಆದರೆ ಎರಡು ಸಾವಿರ ಆರ್‌ಪಿಎಂ ಕೆಳಗೆ ಟರ್ಬೊ ಏಳುವುದಿಲ್ಲ, ಎಳೆತ ಬರುವುದಿಲ್ಲ. ಚಡಾವಿನ ತಿರುವಿನಲ್ಲಿ ಎರಡನೇ ಗೇರಿನಲ್ಲಿ ಸಿಕ್ಕಿಬಿದ್ದರೆ ಒಂದನೆಯದ್ದಕ್ಕೆ ಹಾಕಲೇಬೇಕು. ನಿನಗೆ ಆ ಕಷ್ಟ ಇಲ್ಲ, ನೀನು ನೋಡಿದ್ದು ಪೆಟ್ರೋಲ್. 2020ರ ಏಪ್ರಿಲ್‌ನಲ್ಲಿ ಹೊಗೆಯ ಹೊಸ ನಿಯಮ ಬಿಎಸ್ 6 ಬಂದಾಗ ಮಾರುತಿಯವರು ಡೀಸೆಲನ್ನೇ ಬಿಟ್ಟರು. ಈಗ ಹೊಸದರಲ್ಲಿ ಬೇಕೆಂದರೂ ಸಿಗುವುದಿಲ್ಲ.

ನನ್ನ ತಕರಾರು ಡಿಕ್ಕಿಯ ಬಗ್ಗೆ. ನೀನು ನೋಡಿದ ಮಾಡೆಲಿನಲ್ಲಿ 268 ಲೀಟರ್, ನನ್ನದರಲ್ಲಿ ಅದಕ್ಕಿಂತಲೂ ಕಡಿಮೆ. ಜಾಗ ಸಣ್ಣದು ಅನ್ನುವುದು ಬಿಡು, ಬಾಯಿ ಎತ್ತರದಲ್ಲಿದೆ. ಐವತ್ತು ಕಿಲೋದ ಹಿಂಡಿ ಗೋಣಿಯನ್ನು ಮೊದಲು ಮೊಣಕಾಲಿಗೆ ತರಬೇಕು. ಅಲ್ಲಿಂದ ಹೊಟ್ಟೆಗೆ ಒರಗಿಸಿ ಬಂಪರಿನ ಮೇಲೆ ಕೂರಿಸಬೇಕು. ಆಮೇಲೆ ಬಾಯಿ ದಾಟಿಸಿ ಒಳಗಿನ ಗುಂಡಿಗೆ ಇಳಿಸಬೇಕು. ಇಳಿಸುವಾಗ ಬೆರಳು ಗೋಣಿಯ ಅಡಿಗೆ. ತೆಗೆಯುವಾಗ ಇದೇ ಕಥೆ ಉಲ್ಟಾ. ಬಂಪರಿನ ಬಣ್ಣ ಹೋಗಿ ವರ್ಷ ಎಂಟಾಯಿತು. ಈಗ ಒಂದು ಹಳೇ ಕಂಬಳಿ ಹಾಸಿಕೊಂಡು ಮಾಡುತ್ತೇನೆ.

ನಿಮ್ಮಲ್ಲಿ ದನ ಇದೆಯಾ? ಅದನ್ನು ಮೊದಲು ಹೇಳು.

ನೀರ್ಚಾಲಿನವ

ಎರಡು ದನ, ಒಂದು ಕರು ಮಾವ. ಹಿಂಡಿ ಸೊಸೈಟಿಯಿಂದ ರಿಕ್ಷಾದಲ್ಲಿ ಬರುತ್ತದೆ. ಆ ರಿಕ್ಷಾದವನ ಹೊಟ್ಟೆಪಾಡು ನಾನ್ಯಾಕೆ ಕೆಡಿಸಲಿ.

ಟೀಚರಕ್ಕ

ನಾನು ಪೆರ್ಲದ ಕಡೆ ಶಾಲೆಗೆ ದಿನಾ ಸ್ವಿಫ್ಟಿನಲ್ಲೇ ಹೋಗುವವಳು. 2018ರ ಎಎಂಟಿ, ಗೇರು ತಾನೇ ಹಾಕಿಕೊಳ್ಳುವಂಥದ್ದು. ಆರು ವರ್ಷದಿಂದ ಇದೆ, ಕೊಡುವ ಮನಸ್ಸಿಲ್ಲ. ಹಾಗಾಗಿ ನಾನು ಹೇಳುವುದನ್ನು ಇದರ ಶತ್ರುವಿನ ಮಾತು ಅಂತ ತಿಳಿಯಬೇಡಿ.

ಕಾರು ತೆಗೆಯುವುದು ಅಜ್ಜಿಗೋಸ್ಕರ ಅಂತ ಬರೆದಿದ್ದೀರಿ. ಆಮೇಲೆ ಬಣ್ಣ, ಸೊಂಟ, ನಿದ್ದೆ ಅಂತ ಹೋಯಿತು. ಅಜ್ಜಿ ಎಲ್ಲಿ ಹೋದರು?

ನನ್ನ ಅಮ್ಮನನ್ನು ಮೊದಲ ಸಲ ಹತ್ತಿಸಿದ ದಿನ ಹೇಳುತ್ತೇನೆ. ಹಿಂದಿನ ಬಾಗಿಲ ಹತ್ತಿರ ಬಂದು ನಿಂತರು. ಕೈ ಬಾಗಿಲಿನ ಮೇಲೆ ಸವರುತ್ತಾ ಇದೆ. "ಇದಕ್ಕೆ ಹಿಡಿಯೇ ಇಲ್ಲವಾ?" ಅಂತ ಕೇಳಿದರು. ಇದೆ, ಆದರೆ ಮೇಲೆ, ಗಾಜಿನ ಪಕ್ಕದ ಕಪ್ಪು ಕಂಬದಲ್ಲಿ ಅಡಗಿಸಿ ಇಟ್ಟಿದ್ದಾರೆ. ಎರಡೇ ಬಾಗಿಲಿನ ಕಾರಿನ ಹಾಗೆ ಕಾಣಲಿ ಅಂತ. ಕಾಣುತ್ತದೆ, ಚಂದವೂ ಹೌದು. ಅಮ್ಮನ ಭುಜ ನೋವಿಗೆ ಅಷ್ಟು ಎತ್ತರಕ್ಕೆ ಕೈ ಹೋಗುವುದಿಲ್ಲ ಅಷ್ಟೆ. ನನ್ನ ಕ್ಲಾಸಿನ ಸಣ್ಣ ಮಕ್ಕಳಿಗೂ ಎಟಕುವುದಿಲ್ಲ. 2024ರಲ್ಲಿ ಬಂದ ಹೊಸ ಸ್ವಿಫ್ಟಿನಲ್ಲಿ ಹಿಡಿಯನ್ನು ಮತ್ತೆ ಬಾಗಿಲಿಗೇ ತಂದಿದ್ದಾರೆ. ಅಂದರೆ ಕಂಪನಿಯವರಿಗೂ ಗೊತ್ತಾಗಿದೆ ಅಂತಾಯ್ತು.

ಒಳಗೆ ಕೂತ ಮೇಲೆ ಇನ್ನೊಂದು. ಸೀಟು ತಗ್ಗು. ಅಮ್ಮ ಕೂರುವುದಲ್ಲ, ಬೀಳುವುದು. ಕಿಟಕಿ ಹಿಂದಕ್ಕೆ ಹೋದ ಹಾಗೆ ಕಿರಿದಾಗಿ, ಪಕ್ಕದಲ್ಲಿ ದಪ್ಪ ಕಂಬ. ಹೊರಗೆ ನೋಡಬೇಕಾದರೆ ಮುಂದಕ್ಕೆ ಬಗ್ಗಬೇಕು. ಹಿಂದಿನವರಿಗೆ ಎಸಿಯ ಗಾಳಿಕಂಡಿಯೂ ಈ ಮಾಡೆಲಿನಲ್ಲಿ ಇಲ್ಲ. ಅಡ್ಕಸ್ಥಳದಿಂದ ವಿಟ್ಲದ ಕಡೆ ಹೋಗುವಾಗ ತಿರುವುಗಳು ಇರುವುದು ಗೊತ್ತಲ್ವಾ. ಹೊರಗೆ ಕಾಣದೆ ಅಮ್ಮನಿಗೆ ತಲೆ ತಿರುಗಿ, ವಿಟ್ಲ ಮುಟ್ಟುವ ಮೊದಲು ಎರಡು ಕಡೆ ನಿಲ್ಲಿಸಿದೆ. ಅದೇ ದಾರಿಯಲ್ಲಿ ತಮ್ಮನ ವ್ಯಾಗನ್‌ಆರ್‌ನಲ್ಲಿ ಹೋಗುವಾಗ ಅವರು ದಾರಿಯುದ್ದಕ್ಕೂ ಯಾರ ತೋಟದಲ್ಲಿ ಎಷ್ಟು ಹಿಂಗಾರ ಬಂದಿದೆ ಅಂತ ಲೆಕ್ಕ ಹಾಕುತ್ತಾ ಇರುತ್ತಾರೆ.

ನಿಮ್ಮ ತಂದೆಯವರ ಮುಟ್ಟಾಳೆಯನ್ನು ತಮಾಷೆ ಮಾಡಬೇಡಿ. ಅವರು ಸರಿಯಾಗಿಯೇ ಹೇಳಿದ್ದಾರೆ.

ಬೇಕಲದ ಗಾಳಿ

ಟೀಚರಕ್ಕ, ಹಾಗಾದರೆ ನೀವ್ಯಾಕೆ ಇನ್ನೂ ಇಟ್ಟುಕೊಂಡಿದ್ದೀರಿ?

ಟೀಚರಕ್ಕ

ಓಡಿಸುವುದು ನಾನಲ್ವಾ.

ಸ್ಪ್ಯಾನರ್ ಬದಿಯಡ್ಕ

ವರ್ಕ್‌ಶಾಪಿನಲ್ಲಿ ಇದ್ದೆ, ಈಗ ನೋಡಿದ್ದು. ಕಾರಿನ ಚಂದ, ಡಿಕ್ಕಿ ಎಲ್ಲ ಆಮೇಲೆ. ಗಲ್ಫ್‌ನವರ ಗಾಡಿ ಅಂತ ಹೇಳಿದೆಯಲ್ಲ, ನನ್ನ ತಲೆ ಅಲ್ಲೇ ನಿಂತಿತು.

28 ಸಾವಿರ ಅಂದ ಕೂಡಲೇ ಎಲ್ಲರೂ ಕಣ್ಣರಳಿಸುತ್ತಾರೆ. ಓಡದ ಗಾಡಿಯೂ ಹಾಳಾಗುತ್ತದೆ. ಅವರು ವರ್ಷಕ್ಕೆ ಒಂದು ತಿಂಗಳು ಬರುತ್ತಾರೆ. ಆಗ ಮದುವೆ, ನೆಂಟರ ಮನೆ ಅಂತ ಓಡಿಸುತ್ತಾರೆ. ಉಳಿದ ಹನ್ನೊಂದು ತಿಂಗಳು ಟಾರ್ಪಾಲಿನ ಅಡಿಯಲ್ಲಿ. ಮಳೆಗಾಲದ ನಾಲ್ಕು ತಿಂಗಳು ನೆಲದ ತೇವ ಎಲ್ಲ ಮೇಲಕ್ಕೆ ಬಂದು ಟಾರ್ಪಾಲಿನ ಒಳಗೇ ನಿಲ್ಲುತ್ತದೆ. ಬ್ರೇಕಿನ ಡಿಸ್ಕ್ ತುಕ್ಕು, ರಬ್ಬರ್ ಬುಶ್ ಎಲ್ಲ ಒಣಗಿ ಬಿರುಕು, ಬ್ಯಾಟರಿ ಸತ್ತಿರುತ್ತದೆ. ಒಂದೇ ಕಡೆ ನಿಂತು ನಿಂತು ಟಯರಿನ ಅಡಿ ಚಪ್ಪಟೆಯಾಗಿ, ಅರುವತ್ತರಲ್ಲಿ ಹೋಗುವಾಗ ಸ್ಟೇರಿಂಗ್ ನಡುಗುತ್ತದೆ.

ಟಯರಿನ ಪಕ್ಕದಲ್ಲಿ ನಾಲ್ಕು ಅಂಕೆ ಇರುತ್ತದೆ, ಹುಡುಕು. 2319 ಅಂತ ಇದ್ದರೆ 2019ರ 23ನೇ ವಾರದಲ್ಲಿ ಮಾಡಿದ್ದು. ಟಯರಿನ ಬಟನ್ (ಮೇಲಿನ ಉಬ್ಬು) ಎಷ್ಟೇ ದಪ್ಪ ಉಳಿದಿರಲಿ, ಅಷ್ಟು ಹಳೆಯದಾದರೆ ನಾಲ್ಕಕ್ಕೆ ನಾಲ್ಕೂ ಬದಲಿಸುವ ಲೆಕ್ಕ ಹಾಕಿಯೇ ಚೌಕಾಸಿ ಮಾಡು. ಸೀಟ್ ಬೆಲ್ಟನ್ನು ಕೊನೆಯವರೆಗೆ ಎಳೆದು ನೋಡು. ನೀರು ನುಗ್ಗಿದ ಗಾಡಿಯಾದರೆ ಬುಡದಲ್ಲಿ ಕೆಸರಿನ ಗೆರೆ ಇರುತ್ತದೆ, ಅದನ್ನು ತೊಳೆಯಲು ಯಾರಿಗೂ ನೆನಪಾಗುವುದಿಲ್ಲ. ಬೆಳಿಗ್ಗೆ ಹೋಗು, ಇಂಜಿನ್ ತಣ್ಣಗಿರುವಾಗ ನೀನೇ ಸ್ಟಾರ್ಟ್ ಮಾಡು. ನೀನು ಬರುವ ಮೊದಲೇ ಬಿಸಿ ಮಾಡಿ ಇಟ್ಟಿದ್ದರೆ ಅನುಮಾನಪಡು.

ಬಾನೆಟ್ ಎತ್ತಿ ಟಾರ್ಚ್ ಹಾಕು. ವಯರಿನ ಮೇಲೆ ಹಲ್ಲಿನ ಗುರುತು, ಮೂಲೆಯಲ್ಲಿ ತೆಂಗಿನ ನಾರು ಇದ್ದರೆ ಇಲಿ ಸಂಸಾರ ಮಾಡಿದೆ. ಕಳೆದ ಆಟಿ ತಿಂಗಳ ಮಳೆಯಲ್ಲಿ ಒಂದು ಕಾರು ಬಂತು, ಬೇರೆ ಕಂಪನಿಯದ್ದು. ಏರ್ ಫಿಲ್ಟರ್ ಡಬ್ಬಿ ಬಿಚ್ಚಿದರೆ ಒಳಗೆ ಅರ್ಧ ಸೇರು ಗೇರುಬೀಜ. ಓನರಿಗೆ ಫೋಟೊ ಕಳಿಸಿದೆ. "ಬೀಜಕ್ಕೆ ಈಗ ಕ್ರಯ ಎಷ್ಟು?" ಅಂತ ಕೇಳಿದರು ಪುಣ್ಯಾತ್ಮರು.

ಇಂಜಿನಿಗೆ ಹೆದರಬೇಡ. ಈ 1.2ರಲ್ಲಿ ಟೈಮಿಂಗ್ ಚೈನ್ ಇರುವುದು, ಬೆಲ್ಟ್ ಅಲ್ಲ. ಆಯಿಲ್ ಸಮಯಕ್ಕೆ ಬದಲಿಸಿದ್ದರೆ ತೊಂದರೆ ಇಲ್ಲ. ಆದರೆ ಇಲ್ಲೂ ನೋಡು, ಕಿಲೋಮೀಟರ್ ಆಗಿಲ್ಲ ಅಂತ ಎರಡು ಮೂರು ವರ್ಷ ಅದೇ ಆಯಿಲ್ ಬಿಟ್ಟಿರುತ್ತಾರೆ. ಸರ್ವಿಸ್ ಪುಸ್ತಕ ಕೇಳು.

ದುಬೈಯಿಂದ ಭಟ್ಟ

ಸ್ಪ್ಯಾನರ್ ಅಣ್ಣ, ನಮ್ಮ ಮರ್ಯಾದೆ ತೆಗೆದಿರಿ. ಟಾರ್ಪಾಲು ಹಾಕಿ ಬಂದಿರುವವರಲ್ಲಿ ನಾನೂ ಒಬ್ಬ. ವಾರಕ್ಕೊಮ್ಮೆ ಸ್ಟಾರ್ಟ್ ಮಾಡು ಅಂತ ತಮ್ಮನಿಗೆ ಹೇಳಿದ್ದೇನೆ. ಅವನು ಸ್ಟಾರ್ಟ್ ಮಾಡಿ, ರೇಡಿಯೊ ಕೇಳಿ, ಆಫ್ ಮಾಡುತ್ತಾನಂತೆ.

ಮಾರುವ ಮಾಲಕರು ಊರಲ್ಲಿ ಇದ್ದಾರಾ ಅಂತ ಮೊದಲು ಕೇಳು. ಆರ್‌ಸಿಯಲ್ಲಿ, ಅಂದರೆ ಗಾಡಿಯ ನೋಂದಣಿ ಪತ್ರದಲ್ಲಿ, ಹೆಸರು ಬದಲಿಸುವುದು ಆನ್‌ಲೈನ್. ಓಟಿಪಿ ಮಾಲಕರ ಊರಿನ ನಂಬರಿಗೆ ಬರುತ್ತದೆ. ಆ ಸಿಮ್ ಇಲ್ಲಿ ಡ್ರಾಯರಿನಲ್ಲಿ ರೀಚಾರ್ಜ್ ಇಲ್ಲದೆ ಬಿದ್ದಿದ್ದರೆ ಮುಗಿಯಿತು. ಕ್ಯಾಮರಾದ ದಂಡ ಬಾಕಿ ಇದೆಯಾ, ಬ್ಯಾಂಕಿನ ಸಾಲ ಆರ್‌ಸಿಯಿಂದ ಕಡಿಸಿದ್ದಾರಾ, ಎರಡನ್ನೂ ಸರಕಾರದ ಪರಿವಾಹನ ವೆಬ್‌ಸೈಟಿನಲ್ಲಿ ನೋಡು. 2023ರ ಜೂನಿನಿಂದ ಕೇರಳದ ಕ್ಯಾಮರಾ ಬೆಲ್ಟ್ ಹಾಕದವರನ್ನು ಹಿಡಿಯುತ್ತಾ ಇದೆ. ತಮ್ಮಂದಿರು ಓಡಿಸಿದ ಗಾಡಿಯಲ್ಲಿ ಒಂದೆರಡು ಇದ್ದೇ ಇರುತ್ತದೆ.

ಇನ್ನೊಂದು ವಿಷಯ ಯಾರೂ ಎತ್ತಲಿಲ್ಲ. ಸೇಫ್ಟಿ. ಈ ತಲೆಮಾರಿನ ಸ್ವಿಫ್ಟಿಗೆ ಗಾಡಿಯನ್ನು ಗುದ್ದಿಸಿ ನೋಡುವ ಗ್ಲೋಬಲ್ ಎನ್‌ಕ್ಯಾಪ್ ಪರೀಕ್ಷೆಯಲ್ಲಿ 2018ರಲ್ಲಿ ಸಿಕ್ಕಿದ್ದು ಐದರಲ್ಲಿ ಎರಡು ಸ್ಟಾರ್. 2022ರಲ್ಲಿ ಪರೀಕ್ಷೆಯ ನಿಯಮ ಬಿಗಿ ಮಾಡಿದ ಮೇಲೆ ಒಂದೇ ಸ್ಟಾರ್. ಟಾಟಾದ ಟಿಯಾಗೊಗೆ ನಾಲ್ಕು ಇತ್ತು, ಆಲ್ಟ್ರೋಜ್‌ಗೆ ಐದು, ಎರಡೂ 2020ರಲ್ಲಿ. ಅಜ್ಜಿಯನ್ನು ಕೂರಿಸಿಕೊಂಡು ಹೆದ್ದಾರಿಯಲ್ಲಿ ಹೋಗುವುದಾದರೆ ಇದನ್ನು ಯೋಚಿಸಬೇಕಲ್ವಾ?

ಮುಳ್ಳೇರಿಯದ ಮಾವ

ಮೊದಲು ಮದುವೆಗೆ ನಕ್ಷತ್ರ ನೋಡುತ್ತಿದ್ದೆವು. ಈಗ ಕಾರಿಗೂ ಬಂತು.

ದುಬೈಯಿಂದ ಭಟ್ಟ

ಮದುವೆ ನಕ್ಷತ್ರ ಕೂಡಿ ಬರದಿದ್ದರೆ ಪರಿಹಾರ ಮಾಡಿಸಬಹುದು ಮಾವ. ಇದಕ್ಕೆ ಯಾವ ಹೋಮ ಇದೆ?

ಬೇಕಲದ ಗಾಳಿ

ಬ್ರೇಕ್ ಒತ್ತಿದಾಗ ಚಕ್ರ ಜಾಮ್ ಆಗದ ಹಾಗೆ ತಡೆಯುವ ಎಬಿಎಸ್ ಇದೆ, ಎರಡು ಏರ್‌ಬ್ಯಾಗ್ ಇದೆ. ನಿಧಾನ ಹೋದರೆ ಆಯ್ತಪ್ಪ. ಪರೀಕ್ಷೆ ಮಾಡುವುದು ಗಂಟೆಗೆ 64 ಕಿಲೋಮೀಟರಿನಲ್ಲಿ. ನಮ್ಮ ಒಳಮಾರ್ಗದಲ್ಲಿ 40 ದಾಟಿದರೆ ಹೆಚ್ಚು.

ದುಬೈಯಿಂದ ಭಟ್ಟ

ನೀನು 40ರಲ್ಲಿ ಹೋಗುತ್ತಿ. ಎದುರಿನಿಂದ ಬರುವ ಮುರಕಲ್ಲಿನ (ಕೆಂಪುಕಲ್ಲಿನ) ಲಾರಿ?

ಆಮೇಲೆ, ಬೆಳಿಗ್ಗೆ ಆರು ಗಂಟೆಗೆ ಜಾಲ್ಸೂರು ದಾರಿಯಲ್ಲಿ 40ರಲ್ಲಾ ಹೋಗಿದ್ದು ನೀನು? ಸ್ವಲ್ಪ ಮೇಲೆ ಬೇರೆ ಏನೋ ಬರೆದಿದ್ದೆ.

ಬೇಕಲದ ಗಾಳಿ

ಆಯ್ತು ಭಟ್ರೇ, ಒಪ್ಪಿದೆ. ಸ್ಟಾರ್ ಕಡಿಮೆಯೇ. ನಾನು ಮುಚ್ಚಿಟ್ಟದ್ದಲ್ಲ, ಮರೆತದ್ದು.

ಉಪ್ಪಳ ಟು ಮಂಗಳೂರು

ಹೊಸದರ ಬಗ್ಗೆ ಯಾರೂ ಹೇಳಲಿಲ್ಲ, ನಾನು ಹೇಳುತ್ತೇನೆ. ನನ್ನದು 2024ರ ಸ್ವಿಫ್ಟ್, ಮ್ಯಾನುವಲ್. ಮಂಗಳೂರಿಗೆ ದಿನಾ ಹೋಗಿ ಬರುವುದು.

ಇದರಲ್ಲಿ ಇಂಜಿನೇ ಬೇರೆ. 1.2 ಲೀಟರೇ, ಆದರೆ ಮೂರು ಸಿಲಿಂಡರ್, 82 ಪಿಎಸ್. ಇದಕ್ಕಿಂತ ಮೊದಲು, 2021ರಿಂದ ಬಂದ ನಾಲ್ಕು ಸಿಲಿಂಡರಿನದ್ದರಲ್ಲಿ 90 ಪಿಎಸ್ ಇತ್ತು. ಅಂದರೆ ಹೊಸದು ಬಂದಾಗ ಶಕ್ತಿ ಕಡಿಮೆಯಾಯಿತು, ಮೈಲೇಜ್ ಜಾಸ್ತಿಯಾಯಿತು. ಕಂಪನಿ ಲೆಕ್ಕ ಲೀಟರಿಗೆ 24.8, ನನಗೆ ಹೆದ್ದಾರಿಯಲ್ಲಿ 21, 22 ಸಿಗುತ್ತದೆ. ನಾಲ್ಕು ಸಿಲಿಂಡರಿನಲ್ಲಿ ಕ್ರ್ಯಾಂಕ್ (ಇಂಜಿನ್ ತಿರುಗಿಸುವ ದಂಡ) ಅರ್ಧ ಸುತ್ತು ಬರುವಾಗ ಒಮ್ಮೆ ಉರಿಯುತ್ತದೆ. ಮೂರರಲ್ಲಿ ಮುಕ್ಕಾಲಿಗೆ ಸ್ವಲ್ಪ ಕಡಿಮೆ ಸುತ್ತು ಕಾಯಬೇಕು. ಆ ಬಿಡುವು ಸಿಗ್ನಲಿನಲ್ಲಿ ನಿಂತಾಗ ಕ್ಲಚ್ಚಿನ ಮೇಲಿಟ್ಟ ಕಾಲಿಗೆ ಗೊತ್ತಾಗುತ್ತದೆ. ಸಣ್ಣ ನಡುಕ, ಅಷ್ಟೆ. ಹೊರಟ ಮೇಲೆ ಇಲ್ಲ. ಆದರೆ ಹಳೆಯದನ್ನು ಒಮ್ಮೆ ಓಡಿಸಿದವರಿಗೆ ಮೇಲಿನ ಆರ್‌ಪಿಎಂನಲ್ಲಿ ಆ ಖುಷಿ ಸಿಗುವುದಿಲ್ಲ. ನನಗೆ ಸಿಗಲಿಲ್ಲ.

ಒಳ್ಳೆಯದು ಏನೆಂದರೆ ಬೇಸ್ ಮಾಡೆಲಿನಿಂದಲೇ ಆರು ಏರ್‌ಬ್ಯಾಗ್, ಗಾಡಿ ಜಾರದ ಹಾಗೆ ಹಿಡಿಯುವ ಇಎಸ್‌ಪಿ ಇದೆ. 2025ರ ಸೆಪ್ಟೆಂಬರ್ 22ರಿಂದ ಸಣ್ಣ ಕಾರಿನ ಜಿಎಸ್‌ಟಿ 18 ಪರ್ಸೆಂಟಿಗೆ ಇಳಿದಿದೆ. ಮೊದಲು ಸೆಸ್ ಸೇರಿ 29 ಇತ್ತು. ನಾಲ್ಕು ಮೀಟರಿನ ಒಳಗೆ, 1200 ಸಿಸಿಯ ಒಳಗೆ ಇದ್ದರೆ ಮಾತ್ರ ಈ ಲಾಭ. ಸ್ವಿಫ್ಟಿನ ಉದ್ದ 3.86 ಮೀಟರ್, ಇಂಜಿನ್ 1197 ಸಿಸಿ. ಇವರೆಲ್ಲ ಡಿಕ್ಕಿ ಯಾಕೆ ಕತ್ತರಿಸುತ್ತಾರೆ ಅಂತ ಈಗ ಗೊತ್ತಾಯ್ತಲ್ವಾ ಮಾವ? ನಿಮ್ಮ ಹಿಂಡಿ ಗೋಣಿಯನ್ನು ದೆಹಲಿಯ ತೆರಿಗೆಯವರು ಹೊರಗಿಟ್ಟದ್ದು.

ಹಾಗಾಗಿ ಆರು ವರ್ಷ ಹಳೆಯದಕ್ಕೆ ನಾಲ್ಕು ಮುಕ್ಕಾಲು ಕೊಡುವುದು ನನಗೆ ಜಾಸ್ತಿ ಅನ್ನಿಸುತ್ತದೆ. ಆ ಕ್ರಯ ಹೇಳಿದವರು ಜಿಎಸ್‌ಟಿ ಇಳಿದದ್ದನ್ನು ಕೇಳಿಲ್ಲ, ಅಥವಾ ನೀನು ಕೇಳಿಲ್ಲ ಅಂತ ತಿಳಿದಿದ್ದಾರೆ.

ಪೈವಳಿಕೆ ಪುಳ್ಳಿ

ಮಧ್ಯದಲ್ಲಿ ಬಂದೆ. ಮಂಗಳೂರಿನಲ್ಲಿ ಸೆಕೆಂಡ್‌ಹ್ಯಾಂಡ್ ಕಡಿಮೆಗೆ ಸಿಗುತ್ತದಲ್ವಾ? ಅಲ್ಲಿಯ ಕೆಎ 19 ನಂಬರಿನಲ್ಲೇ ಓಡಿಸಿದರೆ ಆಯಿತು. ಪೆಟ್ರೋಲಂತೂ ತಲಪಾಡಿ ಗಡಿ ದಾಟಿ ಕರ್ನಾಟಕದಲ್ಲೇ ಹಾಕುವುದು.

ಉಪ್ಪಳ ಟು ಮಂಗಳೂರು

ಪೆಟ್ರೋಲ್ ಆಚೆ ಹಾಕಿ, ಯಾರೂ ಏನೂ ಹೇಳುವುದಿಲ್ಲ. ನಾನೂ ಅದೇ ಮಾಡುವುದು. ಗಾಡಿ ಹಾಗಲ್ಲ. ಬೇರೆ ರಾಜ್ಯದ ಗಾಡಿಯನ್ನು 12 ತಿಂಗಳಿಗಿಂತ ಜಾಸ್ತಿ ಇಲ್ಲಿ ಇಟ್ಟುಕೊಂಡರೆ ಇಲ್ಲಿಯ ನಂಬರ್ ಮಾಡಿಸಬೇಕು. ಅಲ್ಲಿಂದ ಅಭ್ಯಂತರ ಇಲ್ಲ ಎನ್ನುವ ಎನ್‌ಒಸಿ ಪತ್ರ, ಇಲ್ಲಿ ಮತ್ತೆ ತೆರಿಗೆ. ಉಳಿದ ಹಣ ಅಲ್ಲಿಗೇ ಹೋಯಿತು. ಕಾಸರಗೋಡಿನವನಿಗೆ ಊರಿನದ್ದೇ ಕೆಎಲ್ 14 ನಂಬರ್ ಇರುವ ಗಾಡಿ ಸಿಕ್ಕಿದರೆ ಅದೇ ತಲೆನೋವಿಲ್ಲದ್ದು.

ಸ್ಪ್ಯಾನರ್ ಬದಿಯಡ್ಕ

ಎಲ್ಲರೂ ಕಾರು ನೋಡಿದಿರಿ, ಮನೆ ದಾರಿ ಯಾರೂ ನೋಡಲಿಲ್ಲ. ಈ ಸ್ವಿಫ್ಟಿನ ಗ್ರೌಂಡ್ ಕ್ಲಿಯರೆನ್ಸ್, ಅಂದರೆ ನೆಲಕ್ಕೂ ಗಾಡಿಯ ಅಡಿಗೂ ಇರುವ ಅಂತರ, 163 ಮಿಲಿಮೀಟರ್, ಹೊಸದರಲ್ಲೂ ಅಷ್ಟೇ. ಖಾಲಿ ಇರುವಾಗಿನ ಲೆಕ್ಕ ಅದು. ಐದು ಜನ ಕೂತರೆ ಎರಡು ಬೆರಳು ಇಳಿಯುತ್ತದೆ.

ಒಂದು ಕೆಲಸ ಮಾಡು. ಉದ್ದದ ಹಲಗೆ ತಗೋ. ನಿಮ್ಮ ಮಣ್ಣಿನ ದಾರಿಯಲ್ಲಿ ಜೀಪು, ರಿಕ್ಷಾ ಹೋಗಿ ಎರಡು ಕಡೆ ಚಕ್ರದ ತಗ್ಗು ಬಿದ್ದು ಮಧ್ಯೆ ದಿಬ್ಬ ಎದ್ದಿರುತ್ತದಲ್ಲ. ಆ ದಿಬ್ಬದ ಮೇಲೆ ಹಲಗೆಯನ್ನು ಅಡ್ಡ ಇಟ್ಟು ಮಟ್ಟ ಹಿಡಿ. ಚಕ್ರ ಹೋಗುವ ಜಾಗದಲ್ಲಿ ಹಲಗೆಯಿಂದ ನೆಲಕ್ಕೆ ಎಷ್ಟು ಅಂತ ಟೇಪು ಹಿಡಿದು ನೋಡು. 12 ಸೆಂಟಿಮೀಟರಿನ ಒಳಗೆ ಇದ್ದರೆ ಧೈರ್ಯವಾಗಿ ತೆಗಿ. ಚಡಾವು ಶುರುವಾಗುವ ಜಾಗದಲ್ಲಿ ತಪ್ಪದೆ ನೋಡು, ಮುಂದಿನ ಬಂಪರ್ ಮೊದಲು ಮುಟ್ಟುವುದು ಅಲ್ಲಿ.

ನೀರ್ಚಾಲಿನವ

ಅಳೆದೆ. ಹಲಗೆ ಹಿಡಿಯಲು ಅಪ್ಪನನ್ನು ಕರೆದೆ. "ಕಾರು ತೆಗೆಯುವ ಮೊದಲೇ ಹುಚ್ಚು ಹಿಡಿಯಿತಾ" ಅಂದರು, ಆದರೂ ಹಿಡಿದರು.

ಎಲ್ಲಾ ಕಡೆ 8, 9, 10. ಒಂದೇ ಒಂದು ಕಡೆ, ಹಲಸಿನ ಮರದ ತಿರುವಿನಲ್ಲಿ, 15. ಚಡಾವಿನ ಬುಡದಲ್ಲಿ ಒಂದು ಮುರಕಲ್ಲು ಎದ್ದು ನಿಂತಿದೆ. ನಾವು ಇಷ್ಟು ವರ್ಷ ಅದರ ಪಕ್ಕದಿಂದ ಬೈಕು ಓಡಿಸುತ್ತಾ ಇದ್ದದ್ದು, ಗಮನಿಸಿಯೇ ಇರಲಿಲ್ಲ.

ಮುಳ್ಳೇರಿಯದ ಮಾವ

ಒಂದು ಜಾಗಕ್ಕಾಗಿ ಕಾರು ಬದಲಿಸುವುದಾ? ಪಿಕಾಸಿ ತಗೋ, ದಿಬ್ಬ ಕಡಿ. ಚಕ್ರದ ತಗ್ಗಿಗೆ ಒಂದು ಪಿಕಪ್ ಜಲ್ಲಿ ಹಾಕು. ಮುರಕಲ್ಲಿನ ತಲೆ ತೆಗೆಸು. ಎರಡು ದಿನದ ಕೆಲಸ. ಅದು ಹೇಗೂ ಮಾಡಬೇಕಾದದ್ದೇ, ಆಂಬ್ಯುಲೆನ್ಸಾದರೂ ಒಳಗೆ ಬರಬೇಡವಾ.

ಟೀಚರಕ್ಕ

ಮಾವ ಹೇಳಿದ್ದು ಸರಿ. ಜೊತೆಗೆ ಇನ್ನೊಂದು ಮಾತು. ನೋಡಲು ಹೋಗುವಾಗ ಅಜ್ಜಿಯನ್ನು ಕರೆದುಕೊಂಡು ಹೋಗಿ. ಅರ್ಧ ಗಂಟೆ ಹಿಂದಿನ ಸೀಟಿನಲ್ಲಿ ಕೂರಿಸಿ ಒಂದು ಸುತ್ತು ತನ್ನಿ. ಸ್ಟೇರಿಂಗ್ ಹಿಡಿದವರಿಗೆ ಈ ಕಾರಿನಲ್ಲಿ ತಪ್ಪು ಕಾಣುವುದಿಲ್ಲ.

ಆಗ ಯಾರೋ ಎಎಂಟಿ ಹೇಗಿರುತ್ತದೆ ಅಂತ ಕೇಳಿದ್ದರು, ಪ್ರಶ್ನೆ ಈಗ ಕಾಣುತ್ತಿಲ್ಲ, ಅಳಿಸಿದ್ದಾರೋ ಏನೋ. ಗೇರುಪೆಟ್ಟಿಗೆ ಮ್ಯಾನುವಲಿನದ್ದೇ. ಕ್ಲಚ್ಚು ಒತ್ತುವುದು, ಗೇರು ಹಾಕುವುದು ಯಂತ್ರ. ಗೇರು ಬದಲಾಗುವಾಗ ಒಂದು ಕ್ಷಣ ಎಳೆತ ನಿಂತು ತಲೆ ಮುಂದಕ್ಕೆ ಅಲ್ಲಾಡುತ್ತದೆ. ನನ್ನದರಲ್ಲಿ ಹಿಲ್ ಹೋಲ್ಡ್ ಇಲ್ಲ. ಚಡಾವಿನಲ್ಲಿ ಬ್ರೇಕ್ ಬಿಟ್ಟರೆ ಹಿಂದೆ ಜಾರುತ್ತದೆ, ಹ್ಯಾಂಡ್‌ಬ್ರೇಕ್ ಹಿಡಿದೇ ಎತ್ತುವುದು.

ನೀರ್ಚಾಲಿನವ

ಹೋಗಿ ಬಂದೆವು. ಅಜ್ಜಿ, ಅಪ್ಪ, ನಾನು, ಜೊತೆಗೆ ಸ್ಪ್ಯಾನರ್ ಅಣ್ಣ. ಅವರು ಹಣ ತೆಗೆದುಕೊಳ್ಳಲಿಲ್ಲ, ಊಟಕ್ಕೆ ಬನ್ನಿ ಎಂದರೆ ಅದಕ್ಕೂ ಬರಲಿಲ್ಲ. ಇಲ್ಲೇ ಥ್ಯಾಂಕ್ಸ್ ಹೇಳುತ್ತೇನೆ.

ಟಯರ್ 2019ರದ್ದೇ, ನಾಲ್ಕೂ. ಬ್ಯಾಟರಿ ಹೊಸದು. ಇಲಿ ಬಂದಿಲ್ಲ. ಮಾಲಕರ ತಾಯಿ ಬಾನೆಟಿನ ಒಳಗೆ ಹೊಗೆಸೊಪ್ಪಿನ ಕಟ್ಟು ಇಟ್ಟಿದ್ದಾರೆ, ತೆರೆದ ಕೂಡಲೇ ಅಜ್ಜಿಯ ಎಲೆಯಡಿಕೆ ಪೆಟ್ಟಿಗೆಯ ವಾಸನೆ. ದಂಡ ಎರಡು ಬಾಕಿ ಇತ್ತು, ಭಟ್ರು ಹೇಳಿದ ಹಾಗೆ ಎರಡೂ ಬೆಲ್ಟಿನದ್ದು.

ಅಜ್ಜಿ ಹಿಂದಿನ ಬಾಗಿಲ ಹತ್ತಿರ ನಿಂತರು. ಟೀಚರಕ್ಕ ಬರೆದ ಹಾಗೆಯೇ ಆಯಿತು. ಹಿಡಿ ಸಿಗಲಿಲ್ಲ. ನಾನು ತೆರೆದುಕೊಟ್ಟೆ. ಕೂತರು. ಸೀತಾಂಗೋಳಿಯಿಂದ ಕುಂಬಳೆಯ ಕಡೆ ಎರಡು ಕಿಲೋಮೀಟರ್ ಹೋಗಿರಬೇಕು, "ಮಗಾ, ಮುಂದೆ ಕೂತುಕೊಳ್ಳಲಾ?" ಅಂದರು. ಅಪ್ಪ ಇಳಿದು ಹಿಂದೆ ಹೋದರು. ಮುಂದಿನ ಸೀಟಿನಲ್ಲಿ ಅಜ್ಜಿಗೆ ಎಲ್ಲವೂ ಸರಿಯಾಯಿತು. ಗಾಜು ದೊಡ್ಡದು, ಮಾರ್ಗ ಕಾಣುತ್ತದೆ. ಇಳಿಯುವಾಗ ಮಾತ್ರ ಕೈ ಕೊಡಬೇಕು. ಬೆಲ್ಟ್ ಹಾಕಿದಾಗ "ಇದು ಯಾಕೆ, ನಾನೇನು ಓಡಿ ಹೋಗುತ್ತೇನಾ?" ಎಂದರು. ವಾಪಸ್ ಬರುವಾಗ ಒಂದು ರಿಕ್ಷಾವನ್ನು ಓವರ್‌ಟೇಕ್ ಮಾಡಿದೆ. "ಇನ್ನೊಂದು ಇದೆ ನೋಡು ಮುಂದೆ" ಅಂದರು.

ಸ್ಟಾರ್ ವಿಷಯ ತಲೆಯಲ್ಲಿ ಕೊರೆಯುತ್ತಾ ಇದೆ ಭಟ್ರೇ, ಸುಳ್ಳು ಹೇಳುವುದಿಲ್ಲ. ಹೊಸದು ಆರು ಏರ್‌ಬ್ಯಾಗಿನದ್ದು ತೆಗೆಯೋಣ ಅಂತ ಲೆಕ್ಕ ಹಾಕಿದೆ. ರೋಡ್ ಟ್ಯಾಕ್ಸ್, ಇನ್ಶೂರೆನ್ಸ್ ಎಲ್ಲ ಸೇರಿದರೆ ಸಾಲ ಮಾಡಬೇಕು. ಈ ವರ್ಷ ತೋಟಕ್ಕೆ ಕೊಳೆರೋಗ ಬಂದಿದೆ, ಅಪ್ಪ ಸಾಲ ಅಂದರೆ ಎದ್ದು ಹೋಗುತ್ತಾರೆ. ಹಾಗಾಗಿ ಇದೇ. ಜಿಎಸ್‌ಟಿ ಮತ್ತು ಟಯರ್ ಎರಡನ್ನೂ ಹಿಡಿದು ಜಗ್ಗಿದೆವು. ನಾಲ್ಕೂಕಾಲು ಲಕ್ಷಕ್ಕೆ ಮುಗಿಯಿತು. ದಂಡ ಅವರದ್ದೇ.

ಬೇಕಲದ ಗಾಳಿ

ಶಾಬಾಸ್! ಫೋಟೊ ಹಾಕು. ಹಿಂದಿನ ಸೊಂಟ ಕಾಣುವ ಹಾಗೆ.

ದುಬೈಯಿಂದ ಭಟ್ಟ

ಹಿಂದೆ ಕೂತವರೂ ಬೆಲ್ಟ್ ಹಾಕಲಿ. ಅಷ್ಟು ಮಾಡು ಸಾಕು.

ಮುಳ್ಳೇರಿಯದ ಮಾವ

ಅಪ್ಪ ಏನು ಹೇಳಿದರು?

ನೀರ್ಚಾಲಿನವ

ಮನೆ ಮುಟ್ಟುವವರೆಗೆ ಮಾತಿಲ್ಲ. ಹಲಸಿನ ಮರದ ತಿರುವಿನಲ್ಲಿ ಜಲ್ಲಿ ಹಾಕಿದ್ದೆವಲ್ಲ, ಅಡಿ ಮುಟ್ಟಲಿಲ್ಲ. ಅಂಗಳಕ್ಕೆ ಬಂದು ನಿಲ್ಲಿಸಿದೆ. ಅಪ್ಪ ಇಳಿದು ಸೊಂಟ ಹಿಡಿದುಕೊಂಡು ನಿಂತರು. ಕಾರಿನದ್ದಲ್ಲ, ಅವರದ್ದೇ. ಆಮೇಲೆ ಒಂದು ಸುತ್ತು ಬಂದು, ಹಿಂದಿನ ಕಿಟಕಿಗೆ ಮುಖ ಕೊಟ್ಟು ಒಳಗೆ ಇಣುಕಿದರು. "ದೇರಳಕಟ್ಟೆಗೆ ನೀನೂ ಅಜ್ಜಿಯೂ ಹೋಗಿ, ನಾನು ಸ್ಕೂಟರಿನಲ್ಲಿ ಬರುತ್ತೇನೆ" ಎಂದರು.

ಸ್ಪ್ಯಾನರ್ ಅಣ್ಣ, ಟಯರ್ ಈಗ ಇರುವ 185/65 ಆರ್ 15 ಅಳತೆಯದ್ದೇ ಹಾಕಲಾ, ಅಥವಾ ಸ್ವಲ್ಪ ದಪ್ಪದ್ದು ಹಾಕಿದರೆ ಚಂದ ಕಾಣುತ್ತದಾ?

ಸ್ಪ್ಯಾನರ್ ಬದಿಯಡ್ಕ

ಅದೇ ಅಳತೆ ಹಾಕು ಮಾರಾಯ. ಬುಧವಾರ ಬೆಳಿಗ್ಗೆ ಬಾ, ಎಂಟು ಗಂಟೆಯ ಮೊದಲು. ಬ್ರೇಕ್ ಆಯಿಲೂ ಬದಲಿಸುವ.